ವಿಜಯಾ ದಬ್ಬೆ ಅವರ ಬದುಕು ಮತ್ತು ಬರಹ: ಪಾಠಕ್ಕೊಂದು ಪೂರ್ವಸಿದ್ಧತೆ

ಪಠ್ಯಪುಸ್ತಕದ ಕವಿಪರಿಚಯಕ್ಕೆ ಒಂದು ಸಿದ್ಧ ಅಚ್ಚು ಇದೆ. ಹುಟ್ಟಿದ ಊರು, ಇಸವಿ, ನಾಲ್ಕು ಕೃತಿಗಳ ಹೆಸರು, ದೊರೆತ ಪ್ರಶಸ್ತಿ. ವಿದ್ಯಾರ್ಥಿಗಳು ಅದನ್ನು ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ವಿಜಯಾ ದಬ್ಬೆ ಅವರನ್ನು ಈ ಅಚ್ಚಿಗೆ ಸುರಿದು ಪರಿಚಯಿಸುವುದು ಅವರ ಮಟ್ಟಿಗೆ ವಿಶೇಷವಾಗಿ ಅನುಚಿತ. ಸಾಹಿತ್ಯ ಚರಿತ್ರೆಯಲ್ಲಿ ಯಾರ ಹೆಸರು ಉಳಿಯುತ್ತದೆ, ಯಾರದು ಬಿಟ್ಟುಹೋಗುತ್ತದೆ, ಬಿಟ್ಟವರು ಯಾರು ಎಂಬುದನ್ನೇ ತಮ್ಮ ವಿದ್ವತ್ತಿನ ಮುಖ್ಯ ಪ್ರಶ್ನೆಯನ್ನಾಗಿ ಮಾಡಿಕೊಂಡವರು ಅವರು. ಅವರ ಕಾವ್ಯ, ಸಂಶೋಧನೆ, ಸಂಘಟನೆ ಮೂರೂ ಈ ಒಂದೇ ಪ್ರಶ್ನೆಯ ಸುತ್ತ ಬೆಳೆದವು.

ಅವರು ಹುಟ್ಟಿದ್ದು 1951ರಲ್ಲಿ, ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ದಬ್ಬೆ ಎಂಬ ಊರಿನಲ್ಲಿ. ಊರ ಹೆಸರೇ ಅವರ ಹೆಸರಿನ ಎರಡನೆಯ ಭಾಗವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಓದಿ, ಮುಂದೆ ಅಲ್ಲಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಪ್ರಾಧ್ಯಾಪಕಿಯಾಗಿ ದುಡಿದರು. ಮೊದಲ ಕವನ ಸಂಕಲನ ‘ಇರುತ್ತವೆ’ ಪ್ರಕಟವಾದದ್ದು 1975ರಲ್ಲಿ. ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿದ ವರ್ಷವೂ ಅದೇ. ಆ ದಶಕದ ಕೊನೆಯ ಭಾಗದಲ್ಲಿ ಮೈಸೂರಿನ ಕೆಲವು ಗೆಳತಿಯರೊಡನೆ ಸೇರಿ ‘ಸಮತಾ ವೇದಿಕೆ’ಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ತರಗತಿಯಲ್ಲಿ ಹಳಗನ್ನಡ ಕಾವ್ಯ, ಸಂಜೆ ವೇದಿಕೆಯ ಸಭೆ. ಇವೆರಡರ ನಡುವೆ ಅವರು ಗೋಡೆ ಕಟ್ಟಿಕೊಳ್ಳಲಿಲ್ಲ ಎಂಬುದನ್ನು ಶಿಕ್ಷಕರು ಗಮನಿಸಬೇಕು. ಸ್ತ್ರೀವಾದವೆಂದರೆ ಹಳೆಯದನ್ನು ಓದದೆ ತಳ್ಳಿಹಾಕುವುದು ಎಂಬ ತಪ್ಪು ಕಲ್ಪನೆ ಇನ್ನೂ ಹಲವು ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುತ್ತದೆ. ದಬ್ಬೆಯವರ ವೃತ್ತಿಜೀವನವೇ ಅದಕ್ಕೆ ಉತ್ತರ.

ಅವರ ಪ್ರೌಢ ಸಂಶೋಧನೆಯ ವಿಷಯ ನಾಗಚಂದ್ರ. ‘ಅಭಿನವ ಪಂಪ’ನೆಂದು ಕರೆದುಕೊಂಡ, ‘ರಾಮಚಂದ್ರಚರಿತ ಪುರಾಣ’ ಮತ್ತು ‘ಮಲ್ಲಿನಾಥ ಪುರಾಣ’ಗಳನ್ನು ಬರೆದ ಜೈನ ಕವಿ. ಈ ಕವಿಯ ಹೆಸರಿನೊಡನೆ ಒಬ್ಬ ಹೆಣ್ಣಿನ ಹೆಸರೂ ಅಂಟಿಕೊಂಡಿದೆ: ಕಂತಿ. ದೋರಸಮುದ್ರದ ಆಸ್ಥಾನದಲ್ಲಿ ಅಭಿನವ ಪಂಪನು ಒಡ್ಡಿದ ಸಮಸ್ಯೆಗಳನ್ನು ಆಕೆ ಪೂರಣ ಮಾಡಿದಳೆಂದು ‘ಕಂತಿ ಹಂಪನ ಸಮಸ್ಯೆಗಳು’ ಹೇಳುತ್ತವೆ. ಆಕೆಯ ಬಾಯಿಂದ ಹೊಗಳಿಕೆ ಪಡೆಯಲೆಂದು ಅವನು ಸತ್ತಂತೆ ನಟಿಸಿದ, ಆಕೆ ಬಂದು ಶೋಕದಿಂದ ಅವನ ಗುಣಗಾನ ಮಾಡಿದಳು, ಒಡನೆ ಅವನು ಎದ್ದು ಕುಳಿತ ಎಂಬ ಕಥೆಯೂ ಉಂಟು. ಕಂತಿ ನಿಜವಾಗಿ ಇದ್ದಳೇ ಎಂಬುದರಲ್ಲಿಯೇ ವಿದ್ವಾಂಸರಿಗೆ ಒಮ್ಮತವಿಲ್ಲ. ದೋರಸಮುದ್ರವೆಂದರೆ ಇಂದಿನ ಹಳೇಬೀಡು. ದಬ್ಬೆಯವರ ತಾಲ್ಲೂಕಿನದೇ ಊರು. ಈ ಕಥೆಯನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ನಗಲಿ. ನಕ್ಕಾದ ಮೇಲೆ ಶಿಕ್ಷಕರು ಒಂದು ಮಾತು ಕೇಳಬಹುದು: ಪುರುಷನ ಎರಡು ಇಡಿಯ ಕಾವ್ಯಗಳು ಉಳಿದುಬಂದಿವೆ, ಅವನನ್ನು ಸರಿಗಟ್ಟಿದಳೆನ್ನುವ ಹೆಣ್ಣಿಗೆ ಉಳಿದದ್ದು ಅವನ ಮಾತಿಗೆ ಕೊಟ್ಟ ಉತ್ತರಗಳು ಮಾತ್ರ, ಇದು ಹೇಗಾಯಿತು?

ಹನ್ನೆರಡನೆಯ ಶತಮಾನದ ಮಾತಾಯಿತು, ತಾಳೆಗರಿ ಕಳೆದಿರಬಹುದು ಎಂದು ಸಮಾಧಾನಪಡಬಹುದು. ಆದರೆ ಅಚ್ಚಿನ ಯಂತ್ರ ಬಂದ ಮೇಲೂ ಬರಹಗಾರ್ತಿಯರು ಕಳೆದುಹೋದರು. ನಂಜನಗೂಡಿನ ತಿರುಮಲಾಂಬ ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಆಮೇಲೆ ದಶಕಗಳ ಮೌನ. ಕನ್ನಡದ ಮೊದಲ ತಲೆಮಾರಿನ ಲೇಖಕಿ, ಪ್ರಕಾಶಕಿ, ಸಂಪಾದಕಿ 1982ರವರೆಗೂ ಬದುಕಿದ್ದರೆಂಬುದು ಸಾಹಿತ್ಯದ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿದಿರಲಿಲ್ಲ. ದಬ್ಬೆಯವರು ‘ಹಿತೈಷಿಣಿಯ ಹೆಜ್ಜೆಗಳು’ ಸಂಪಾದಿಸಿ ಆ ಹೆಜ್ಜೆಗಳನ್ನು ಮತ್ತೆ ಗುರುತಿಸಿದರು. ಧಾರವಾಡದ ಕಥೆಗಾರ್ತಿ ಶ್ಯಾಮಲಾದೇವಿ ಬೆಳಗಾಂವಕರ್ ಅವರ ಬರಹಗಳನ್ನು ‘ಶ್ಯಾಮಲಾ ಸಂಚಯ’ದಲ್ಲಿ ಒಟ್ಟುಗೂಡಿಸಿದರು. ಇಂಥ ಸಂಪಾದನೆ ಕಾಣುವಷ್ಟು ಸುಲಭದ ಕೆಲಸವಲ್ಲ. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಬೇಕು, ಪುಡಿಯಾಗುವ ಹಾಳೆ ತಿರುವಬೇಕು, ಮನೆಮಂದಿಯನ್ನು ಹುಡುಕಿ ವಿಚಾರಿಸಬೇಕು. ಕೊನೆಗೆ ಪುಸ್ತಕದ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಇನ್ನೊಬ್ಬರ ಹೆಸರು. ತಮ್ಮ ಕವಿತೆಗೆ ಕೊಡಬಹುದಾಗಿದ್ದ ವರ್ಷಗಳನ್ನು ಅವರು ಇದಕ್ಕೆ ಕೊಟ್ಟರು.

‘ಮಹಿಳೆ, ಸಾಹಿತ್ಯ, ಸಮಾಜ’ ಮತ್ತು ‘ನಾರಿ ದಾರಿ ದಿಗಂತ’ ಅವರ ವಿಮರ್ಶಾ ಕೃತಿಗಳು. ಕನ್ನಡದಲ್ಲಿ ಸ್ತ್ರೀವಾದಿ ವಿಮರ್ಶೆಗೆ ನೆಲ ಹದಮಾಡಿದವರಲ್ಲಿ ಅವರು ಮೊದಲ ಸಾಲಿನವರು. ಈ ಬಗೆಯ ಓದು ಏನನ್ನು ಕೇಳುತ್ತದೆ ಎಂಬುದಕ್ಕೆ ಶಿಕ್ಷಕರಿಗೆ ಪರಿಚಿತವಾದ ಉದಾಹರಣೆ ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಆಕೆಯ ‘ಹದಿಬದೆಯ ಧರ್ಮ’ ಪತಿವ್ರತೆಯ ನಡೆಯನ್ನು ಬೋಧಿಸುವ ಗ್ರಂಥ. ಅದರ ನಡುವೆಯೇ ಹೆಣ್ಣೆಂದು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸುತ್ತಾಳೆ. ಪಠ್ಯಪುಸ್ತಕಗಳು ಬಹುಮಟ್ಟಿಗೆ ಈ ಪ್ರಶ್ನೆಯನ್ನು ಮಾತ್ರ ಆರಿಸಿಕೊಳ್ಳುತ್ತವೆ, ಉಪದೇಶವನ್ನು ಬಿಡುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ ಆ ಲೇಖಕಿ ನಿಂತಿದ್ದ ಇಕ್ಕಟ್ಟಿನ ಜಾಗ ಕಾಣುತ್ತದೆ.

ಇನ್ನು ಕವಿತೆಗಳು. ‘ಇರುತ್ತವೆ’ಯ ನಂತರ ಬಂದವು ‘ನೀರು ಲೋಹದ ಚಿಂತೆ’ (1985), ‘ತಿರುಗಿ ನಿಂತ ಪ್ರಶ್ನೆ’ (1995), ಆಮೇಲೆ ‘ಇತಿಗೀತಿಕೆ’. ಸಂಕಲನಗಳು ಕೈಗೆ ಸಿಗುವ ಮೊದಲೇ ಈ ಶೀರ್ಷಿಕೆಗಳಿಂದ ಒಂದು ಒಳ್ಳೆಯ ವ್ಯಾಕರಣ ಪಾಠ ಮಾಡಬಹುದು. ‘ಇರುತ್ತವೆ’ ಎಂಬುದು ಬರಿಯ ಕ್ರಿಯಾಪದ, ಕರ್ತೃಪದವಿಲ್ಲ. ಏನು ಇರುತ್ತವೆ? ‘ಇವೆ’ ಎನ್ನುವುದಕ್ಕೂ ‘ಇರುತ್ತವೆ’ ಎನ್ನುವುದಕ್ಕೂ ವ್ಯತ್ಯಾಸವೇನು? ಈಗ ಕಾಣುವುದು ಒಂದು, ಎಂದಿನಿಂದಲೂ ಇದ್ದು ಮುಂದೆಯೂ ಇರುವುದು ಇನ್ನೊಂದು. ‘ನೀರು ಲೋಹದ ಚಿಂತೆ’ಯಲ್ಲಿ ‘ನೀರು’ ಎಂಬ ಪದಕ್ಕೆ ವಿಭಕ್ತಿ ಪ್ರತ್ಯಯವಿಲ್ಲ. ಎರಡು ವಸ್ತುಗಳೋ, ನೀರಾದ ಲೋಹವೋ, ಚರ್ಚೆಗೆ ಬಿಡಬಹುದು. ‘ತಿರುಗಿ ಬಿದ್ದ’ ಎಂದಿದ್ದರೆ ಬಂಡಾಯದ ಮಾತಾಗುತ್ತಿತ್ತು. ‘ತಿರುಗಿ ನಿಂತ’ ಎಂದಾಗ ಪ್ರಶ್ನೆ ಓಡುವುದಿಲ್ಲ, ಬೀಳುವುದಿಲ್ಲ, ಕೇಳಿದವರ ಕಡೆಗೆ ಮುಖಮಾಡಿ ನಿಲ್ಲುತ್ತದೆ.

ಲಿಂಗ ಮತ್ತು ಕ್ರಿಯಾಪದದ ವಿಷಯ ಬಂದಾಗ ಗಡಿನಾಡಿನ ತರಗತಿಗೆ ಒಂದು ಅನುಕೂಲವಿದೆ. ಒಳನಾಡಿನ ಶಾಲೆಗಳಿಗೆ ಅದು ಅಷ್ಟು ಸುಲಭವಾಗಿ ಒದಗುವುದಿಲ್ಲ. ಆದವಾನಿ, ರಾಯದುರ್ಗ, ಮಡಕಶಿರಾಗಳ ಮಕ್ಕಳಿಗೆ ತೆಲುಗು ಗೊತ್ತು. ಅಲ್ಲಿ ‘ಆಮೆ ವಚ್ಚಿಂದಿ’, ‘ಬಂಡಿ ವಚ್ಚಿಂದಿ’. ಹೆಣ್ಣಿಗೂ ಗಾಡಿಗೂ ಏಕವಚನದಲ್ಲಿ ಒಂದೇ ಕ್ರಿಯಾರೂಪ. ಮಲಯಾಳದಲ್ಲಿ ಕ್ರಿಯಾಪದಕ್ಕೆ ಲಿಂಗವೇ ಇಲ್ಲ. ಅವನು, ಅವಳು, ಅದು ಎಲ್ಲಕ್ಕೂ ‘ವನ್ನು’. ಕಾಸರಗೋಡಿನ ಹವ್ಯಕ ಮನೆಮಾತಿನಲ್ಲಿ ಹೆಣ್ಣಿಗೆ ನಪುಂಸಕ ರೂಪ ಬಳಸುವುದು ಸಹಜ. ಶಿಷ್ಟ ಕನ್ನಡ ‘ಬಂದಳು’ ಎಂದು ಬೇರೆ ರೂಪ ಕೊಡುತ್ತದೆ. ಯಾವ ಭಾಷೆಯೂ ಇದರಿಂದ ಮೇಲಾಗುವುದಿಲ್ಲ, ಕೀಳಾಗುವುದಿಲ್ಲ. ಮಗುವಿನ ಮನೆಮಾತನ್ನು ತಿದ್ದಿ ನಾಚಿಸುವ ಕೆಲಸವಂತೂ ಖಂಡಿತ ಕೂಡದು. ಆದರೆ ಮಾತಿನೊಳಗೆ ಹೆಣ್ಣು ಎಲ್ಲಿ ನಿಂತಿದ್ದಾಳೆ ಎಂದು ನೋಡುವ ಕಣ್ಣು ಇಲ್ಲಿಂದ ತೆರೆಯುತ್ತದೆ. ‘ಕವಿ’ ಎನ್ನಬೇಕೇ, ‘ಕವಯಿತ್ರಿ’ ಎನ್ನಬೇಕೇ ಎಂಬ ಪ್ರಶ್ನೆಯನ್ನೂ ಆಗಲೇ ಎತ್ತಬಹುದು.

1999ರಲ್ಲಿ ಉತ್ತರ ಭಾರತದ ಪ್ರವಾಸದಲ್ಲಿದ್ದಾಗ ಅಪಘಾತವಾಗಿ ದಬ್ಬೆಯವರ ತಲೆಗೆ ತೀವ್ರ ಪೆಟ್ಟು ಬಿತ್ತು. ನೆನಪು ಹಾನಿಗೊಂಡಿತು, ಬರಹ ನಿಂತಿತು. ಆಗ ಅವರಿಗೆ ಐವತ್ತು ತುಂಬಿರಲಿಲ್ಲ. 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರೆತುಹೋದವರನ್ನು ನೆನಪಿಗೆ ತಂದವರೇ ನೆನಪು ಕಳೆದುಕೊಂಡರು ಎಂದು ಹೇಳುವ ಆಸೆ ಶಿಕ್ಷಕರಿಗೆ ಹುಟ್ಟುತ್ತದೆ. ತರಗತಿ ಕೂಡಲೇ ಮೌನವಾಗುತ್ತದೆ, ಪಾಠ ಪರಿಣಾಮಕಾರಿ ಎನಿಸುತ್ತದೆ. ಆ ಆಸೆಯನ್ನು ತಡೆಯುವುದು ಒಳ್ಳೆಯದು. ಕರುಣೆಯ ಕಥೆಯಾದ ಲೇಖಕಿಯನ್ನು ಮಕ್ಕಳು ಅಯ್ಯೋ ಪಾಪ ಎಂದು ನೆನೆಯುತ್ತಾರೆ, ಓದುವುದಿಲ್ಲ. ಅಪಘಾತಕ್ಕೆ ಎರಡು ವಾಕ್ಯ ಸಾಕು; ಅದಕ್ಕೆ ಮುಂಚಿನ ಕಾಲು ಶತಮಾನದ ದುಡಿಮೆಗೆ ಉಳಿದ ಅವಧಿಯೆಲ್ಲ ಬೇಕು. ಮೈಸೂರಿನ ಸಮತಾ ಅಧ್ಯಯನ ಕೇಂದ್ರ ಅವರ ಹೆಸರಿನಲ್ಲಿ ಹೊಸ ಬರಹಗಾರ್ತಿಯರಿಗೆ ಸಾಹಿತ್ಯ ಪ್ರಶಸ್ತಿ ನೀಡುತ್ತ ಬಂದಿರುವುದನ್ನೂ ಹೇಳಬಹುದು.

ಪಾಠದ ಮುಂದುವರಿಕೆಯಾಗಿ ಆಯಾ ಪ್ರದೇಶದ ಲೇಖಕಿಯರನ್ನು ಪರಿಚಯಿಸಲು ಅವಕಾಶವಿದೆ. ಸೊಲ್ಲಾಪುರ, ಅಕ್ಕಲಕೋಟೆಯ ಶಾಲೆಗಳಲ್ಲಿ ಜಯದೇವಿತಾಯಿ ಲಿಗಾಡೆಯವರಿಂದ ಆರಂಭಿಸಬಹುದು. ಮರಾಠಿಯಲ್ಲಿ ಶಾಲೆ ಕಲಿತು, ಆಮೇಲೆ ಕನ್ನಡವನ್ನು ದುಡಿದು ದಕ್ಕಿಸಿಕೊಂಡು ‘ಸಿದ್ಧರಾಮ ಪುರಾಣ’ ಬರೆದ ಅವರು 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಆ ಪೀಠವೇರಿದ ಮೊದಲ ಮಹಿಳೆ. ಕಾಸರಗೋಡಿನವರಿಗೆ ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಇದ್ದಾರೆ.

ಅಚ್ಚಾಗದ ಸಾಹಿತ್ಯ ಇದಕ್ಕಿಂತ ಹೆಚ್ಚು. ತಾಳವಾಡಿಯಲ್ಲಾಗಲಿ ಜತ್ತದಲ್ಲಾಗಲಿ ಬೀಸುವಾಗ, ನಾಟಿ ಮಾಡುವಾಗ, ಮದುವೆಯಲ್ಲಿ ಹಾಡು ಹೇಳುತ್ತಿದ್ದ ಹೆಂಗಸರು ಇನ್ನೂ ಇದ್ದಾರೆ. ಪ್ರತಿ ವಿದ್ಯಾರ್ಥಿಯೂ ಮನೆಯ ಅಥವಾ ನೆರೆಮನೆಯ ಹಿರಿಯರಿಂದ ಒಂದು ಹಾಡನ್ನು ಕೇಳಿ, ಅವರ ಉಚ್ಚಾರದಲ್ಲೇ ಬರೆದು ತರಲಿ. ಹಾಳೆಯ ಮೇಲ್ಭಾಗದಲ್ಲಿ ಹಾಡಿದವರ ಹೆಸರು, ಹುಟ್ಟಿದ ಊರು, ಯಾರಿಂದ ಕಲಿತರು ಎಂಬ ವಿವರ, ಬರೆದ ದಿನಾಂಕ ಇರಬೇಕು. ‘ನಮ್ಮಜ್ಜಿ’ ಎಂದಷ್ಟೇ ಬರೆದು ತಂದ ಹಾಳೆಯನ್ನು ಹಿಂದಿರುಗಿಸಿ, ಅಜ್ಜಿಯ ಹೆಸರನ್ನು ಕೇಳಿಕೊಂಡು ಬರಲು ಹೇಳಬೇಕು.