ದೇಶದ ಆಶೆ-ನಿರಾಶೆ ಮತ್ತು ವರ್ತಕನ ಲೆಕ್ಕಪುಸ್ತಕ

ವರ್ತಕ ಬಾಂಧವರು ನಾಲ್ಕು ಮಂದಿ ಸೇರಿದ ಕಡೆ ಎರಡು ಮಾತುಗಳಲ್ಲಿ ಒಂದು ಕೇಳಿಬರುವುದು ಸಾಮಾನ್ಯ. "ದೇಶ ಎಲ್ಲಿಗೆ ಹೋಗುತ್ತಿದೆಯೋ ತಿಳಿಯದು, ಪೇಟೆಯಲ್ಲಿ ಹಣವೇ ಓಡಾಡುತ್ತಿಲ್ಲ" ಎಂಬುದು ಒಂದು. "ಇನ್ನು ಮುಂದೆ ನಮ್ಮ ದೇಶವನ್ನು ಹಿಡಿಯುವವರಿಲ್ಲ" ಎಂಬುದು ಇನ್ನೊಂದು. ಇವು ಕೇವಲ ಹರಟೆಯ ಮಾತುಗಳಾಗಿ ಉಳಿದರೆ ಚಿಂತೆಯಿಲ್ಲ. ಆದರೆ ಮೊದಲನೆಯ ಮಾತನ್ನು ನಂಬಿದವರು ಬರಬೇಕಾಗಿದ್ದ ಯಂತ್ರದ ಆರ್ಡರನ್ನು ರದ್ದು ಮಾಡುತ್ತಾರೆ. ಎರಡನೆಯದನ್ನು ನಂಬಿದವರು ಮನೆಯ ಪತ್ರಗಳನ್ನು ಅಡವಿಟ್ಟು ಬ್ಯಾಂಕಿನ ಸಾಲದ ಮಿತಿಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಎರಡೂ ಸಂದರ್ಭಗಳಲ್ಲಿ ತಮ್ಮದೇ ಲೆಕ್ಕಪುಸ್ತಕವನ್ನು ತೆರೆದು ನೋಡಿದವರು ಕಡಿಮೆ.

ದೇಶದ ಮನೋಭಾವವನ್ನು ಅಳೆಯುವುದು ಹೇಗೆ, ಅದು ಎಷ್ಟರ ಮಟ್ಟಿಗೆ ನಂಬಲರ್ಹ, ಮತ್ತು ಸಣ್ಣ ಉದ್ಯಮಿಯು ಅದನ್ನು ತನ್ನ ನಿರ್ಧಾರಗಳಲ್ಲಿ ಹೇಗೆ ಬಳಸಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಮನೋಭಾವದ ಅಳತೆ

ಜನರ ಆರ್ಥಿಕ ಮನೋಭಾವವನ್ನು ಸಮೀಕ್ಷೆಯ ಮೂಲಕ ಅಳೆಯುವ ಪದ್ಧತಿಯನ್ನು ಎರಡನೆಯ ಮಹಾಯುದ್ಧದ ನಂತರ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕಟೋನಾ ಎಂಬ ವಿದ್ವಾಂಸರು ರೂಪಿಸಿದರು. ಮಾರಾಟ ನಡೆಯಬೇಕಾದರೆ ಗ್ರಾಹಕನಲ್ಲಿ ಕೊಳ್ಳುವ ಶಕ್ತಿ ಮಾತ್ರವಲ್ಲದೆ ಕೊಳ್ಳುವ ಮನಸ್ಸೂ ಇರಬೇಕು ಎಂಬುದು ಅವರ ವಾದದ ತಿರುಳು. ಜೇಬಿನಲ್ಲಿ ಹಣವಿದ್ದರೂ ನಾಳೆಯ ಬಗ್ಗೆ ಭಯವಿದ್ದರೆ ಗ್ರಾಹಕನು ಫ್ರಿಜ್, ದ್ವಿಚಕ್ರ ವಾಹನಗಳಂತಹ ವಸ್ತುಗಳ ಖರೀದಿಯನ್ನು ಮುಂದೂಡುತ್ತಾನೆ. ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಬೆಂಗಳೂರೂ ಸೇರಿದಂತೆ ಪ್ರಮುಖ ನಗರಗಳ ಕುಟುಂಬಗಳಲ್ಲಿ ಗ್ರಾಹಕ ವಿಶ್ವಾಸ ಸಮೀಕ್ಷೆಯನ್ನು ನಡೆಸುತ್ತದೆ. ಒಟ್ಟು ಆರ್ಥಿಕ ಪರಿಸ್ಥಿತಿ, ಉದ್ಯೋಗ, ಬೆಲೆಗಳು, ಸ್ವಂತ ಆದಾಯ, ಸ್ವಂತ ಖರ್ಚು ಎಂಬ ಐದು ವಿಷಯಗಳ ಮೇಲೆ ಪ್ರಶ್ನೆ ಕೇಳಲಾಗುತ್ತದೆ. ಒಂದು ವರ್ಷದ ಹಿಂದಿಗೆ ಹೋಲಿಸಿದರೆ ಈಗ ಹೇಗಿದೆ ಎಂಬ ಉತ್ತರಗಳಿಂದ ಪ್ರಸಕ್ತ ಸ್ಥಿತಿ ಸೂಚ್ಯಂಕವೂ, ಮುಂದಿನ ಒಂದು ವರ್ಷದಲ್ಲಿ ಹೇಗಿರಬಹುದು ಎಂಬ ಉತ್ತರಗಳಿಂದ ಭವಿಷ್ಯ ನಿರೀಕ್ಷಾ ಸೂಚ್ಯಂಕವೂ ಸಿದ್ಧವಾಗುತ್ತವೆ.

ಲೆಕ್ಕದ ಕ್ರಮ ಸರಳವಾಗಿದೆ. ನೂರು ಜನರಲ್ಲಿ 30 ಮಂದಿ "ಉತ್ತಮ", 50 ಮಂದಿ "ಕೆಟ್ಟಿದೆ", 20 ಮಂದಿ "ಬದಲಾವಣೆಯಿಲ್ಲ" ಎಂದರೆ, ನಿವ್ವಳ ಉತ್ತರ 30ರಲ್ಲಿ 50 ಕಳೆದು, ಅಂದರೆ ಋಣ 20. ಐದೂ ವಿಷಯಗಳ ನಿವ್ವಳ ಉತ್ತರಗಳ ಸರಾಸರಿಯನ್ನು 100ಕ್ಕೆ ಸೇರಿಸಿದರೆ ಸೂಚ್ಯಂಕ ದೊರೆಯುತ್ತದೆ. ಆ ಸರಾಸರಿಯೂ ಋಣ 20 ಆಗಿದ್ದರೆ ಸೂಚ್ಯಂಕ 80. ಆದ್ದರಿಂದ 100ಕ್ಕಿಂತ ಮೇಲಿದ್ದರೆ ಆಶಾವಾದ, ಕೆಳಗಿದ್ದರೆ ನಿರಾಶಾವಾದ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಸೂಚ್ಯಂಕವು ತಲೆಗಳನ್ನು ಎಣಿಸುತ್ತದೆಯೇ ಹೊರತು ರೂಪಾಯಿಗಳನ್ನಲ್ಲ. ಸೂಚ್ಯಂಕ 80 ಎಂದರೆ ಆದಾಯ ಶೇ. 20ರಷ್ಟು ಇಳಿಯಿತೆಂದು ಅರ್ಥವಲ್ಲ. ಸ್ವಲ್ಪ ಕಷ್ಟಪಟ್ಟವನೂ ಪೂರ್ತಿ ಮುಳುಗಿದವನೂ ಇಲ್ಲಿ ಒಂದೇ ಲೆಕ್ಕ.

2. ಅಂಕಿಗಳು ಹೇಳುವ ಕಥೆ

ಕೋವಿಡ್ ಕಾಲದ ಅಂಕಿಗಳನ್ನು ನೋಡೋಣ. 2020ರ ಜುಲೈನಲ್ಲಿ ಪ್ರಸಕ್ತ ಸ್ಥಿತಿ ಸೂಚ್ಯಂಕ 53.8ಕ್ಕೆ ಕುಸಿದಿತ್ತು. ಅದೇ ಜನರು ಅದೇ ತಿಂಗಳು ನೀಡಿದ ಭವಿಷ್ಯ ನಿರೀಕ್ಷೆಯ ಸೂಚ್ಯಂಕ ಮಾತ್ರ 105.4 ಇತ್ತು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, ಮೊದಲನೆಯದು 48.5ಕ್ಕೂ ಎರಡನೆಯದು 96.4ಕ್ಕೂ ಇಳಿದವು. 2024ರ ಮಾರ್ಚ್ ವೇಳೆಗೆ ಅವು ಕ್ರಮವಾಗಿ 98.5 ಮತ್ತು 125.2ಕ್ಕೆ ಏರಿದವು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, "ಈ ವರ್ಷ ಕಷ್ಟ, ಬರುವ ವರ್ಷ ಪರವಾಗಿಲ್ಲ" ಎಂಬುದು ನಮ್ಮ ಜನರ ಸ್ಥಾಯೀಭಾವ. ಮೇಲಿನ ಮೂರು ಸಂದರ್ಭಗಳಲ್ಲೂ ನಿರೀಕ್ಷೆಯು ಅನುಭವಕ್ಕಿಂತ 25ಕ್ಕೂ ಹೆಚ್ಚು ಅಂಶಗಳಷ್ಟು ಮೇಲಿದೆ. ಆದ್ದರಿಂದ ನಿರೀಕ್ಷಾ ಸೂಚ್ಯಂಕವು 100ರ ಮೇಲಿದೆ ಎಂಬ ಒಂದೇ ಕಾರಣಕ್ಕೆ ದಾಸ್ತಾನು ಹೆಚ್ಚಿಸುವುದು ಸಲ್ಲದು. ಅದು ಹಿಂದಿನ ಸುತ್ತಿಗಿಂತ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದೇ ಮುಖ್ಯ.

ಎರಡನೆಯದು, ಬೆಳವಣಿಗೆಯ ದರಕ್ಕೂ ಜನರ ಅನುಭವಕ್ಕೂ ಇರುವ ಅಂತರ. 2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನವು ಮೊದಲ ಅಂದಾಜಿನಂತೆ ಶೇ. 23.9ರಷ್ಟು ಕುಸಿದಿತ್ತು. ಆದುದರಿಂದ ಮುಂದಿನ ವರ್ಷದ ಅದೇ ತ್ರೈಮಾಸಿಕದ ಬೆಳವಣಿಗೆ ದರವು ಬಹಳ ದೊಡ್ಡದಾಗಿ ಕಂಡಿತು. ಆದರೆ ಜನರ ವಿಶ್ವಾಸ ಆಗಲೇ ಪಾತಾಳದಲ್ಲಿತ್ತು. ಇದರಲ್ಲಿ ವಿರೋಧವೇನೂ ಇಲ್ಲ. ನೂರು ರೂಪಾಯಿಯ ವ್ಯಾಪಾರ ಶೇ. 20 ಇಳಿದರೆ 80. ಆ 80ರ ಮೇಲೆ ಶೇ. 20 ಏರಿದರೆ 96 ಮಾತ್ರ. ದರವನ್ನು ನೋಡಿದವನು ಸಂತೋಷಪಡುತ್ತಾನೆ. ಗಲ್ಲಾಪೆಟ್ಟಿಗೆ ಎಣಿಸಿದವನು ನಾಲ್ಕು ರೂಪಾಯಿಗಾಗಿ ಹುಡುಕುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಬೆಲೆಗಳ ವಿಷಯದಲ್ಲೂ ಹೀಗೆಯೇ. 2024ರ ಮಾರ್ಚ್‌ನಲ್ಲಿ ಅಧಿಕೃತ ಗ್ರಾಹಕ ಬೆಲೆ ಹಣದುಬ್ಬರ ಶೇ. 4.85 ಇದ್ದಾಗ, ರಿಸರ್ವ್ ಬ್ಯಾಂಕಿನ ಇನ್ನೊಂದು ಸಮೀಕ್ಷೆಯಲ್ಲಿ ನಗರದ ಕುಟುಂಬಗಳು ತಮಗೆ ಅನಿಸಿದ ಹಣದುಬ್ಬರ ಸುಮಾರು ಶೇ. 8 ಎಂದು ಹೇಳಿದ್ದವು. ಹಾಲು, ತರಕಾರಿ, ಬೇಳೆಗಳನ್ನು ಗೃಹಿಣಿಯು ನಿತ್ಯ ಕೊಳ್ಳುತ್ತಾಳೆ. ಏರಿದ ಬೆಲೆ ನೆನಪಿನಲ್ಲಿ ಉಳಿಯುತ್ತದೆ, ಇಳಿದದ್ದು ಮರೆತುಹೋಗುತ್ತದೆ. ಅಮೆರಿಕೆಯಲ್ಲೂ 2022ರ ಜೂನ್‌ನಲ್ಲಿ ನಿರುದ್ಯೋಗ ಶೇ. 4ಕ್ಕಿಂತ ಕಡಿಮೆಯಿದ್ದರೂ, ಹಣದುಬ್ಬರ ಶೇ. 9 ದಾಟಿದ್ದರಿಂದ ಮಿಷಿಗನ್ ಸೂಚ್ಯಂಕ 50ಕ್ಕೆ, ಅಂದಿನವರೆಗಿನ ಕನಿಷ್ಠ ಮಟ್ಟಕ್ಕೆ ಇಳಿದಿತ್ತು. ಗ್ರಾಹಕನ ಮನಸ್ಸನ್ನು ಕೆಡಿಸುವುದರಲ್ಲಿ ಬೆಲೆಯೇರಿಕೆಗೆ ಇರುವ ಶಕ್ತಿ ಇದರಿಂದ ತಿಳಿಯುತ್ತದೆ.

3. ಚರಿತ್ರೆಯ ಪಾಠ: ನಿರಾಶೆಯ ತಪ್ಪು, ಆಶೆಯ ತಪ್ಪು

1991ರಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಚಿನ್ನವನ್ನು ಹೊರದೇಶಕ್ಕೆ ಕಳುಹಿಸಿ ಒತ್ತೆಯಿಡಬೇಕಾಯಿತು. ಜುಲೈ ತಿಂಗಳ ಮೊದಲ ವಾರದಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ದೇಶ ದಿವಾಳಿಯಾಯಿತೆಂದೇ ಅನೇಕರು ನಂಬಿದರು. ಆದರೆ ಅದೇ ತಿಂಗಳ 24ರ ಆಯವ್ಯಯ ಮತ್ತು ಪರವಾನಗಿ ಪದ್ಧತಿಯ ಸಡಿಲಿಕೆಯಿಂದ ದಿಕ್ಕು ಬದಲಾಯಿತು. 1994ರ ಮಾರ್ಚ್ ವೇಳೆಗೆ ವಿದೇಶಿ ವಿನಿಮಯ ಸಂಗ್ರಹ 1,500 ಕೋಟಿ ಡಾಲರ್ ದಾಟಿತ್ತು.

2013ರ ಆಗಸ್ಟ್‌ನಲ್ಲಿ ಮತ್ತೆ ಅಂತಹ ವಾತಾವರಣ. ಹಿಂದಿನ ಆರ್ಥಿಕ ವರ್ಷದ ಚಾಲ್ತಿ ಖಾತೆಯ ಕೊರತೆ ಒಟ್ಟು ಉತ್ಪನ್ನದ ಶೇ. 4.8ರಷ್ಟಿತ್ತು. ದುರ್ಬಲ ಐದು ದೇಶಗಳಲ್ಲಿ ಭಾರತವೂ ಒಂದೆಂದು ವಿದೇಶಿ ಹೂಡಿಕೆ ಸಂಸ್ಥೆಯೊಂದು ಪಟ್ಟಿ ಮಾಡಿತು. ಡಾಲರಿಗೆ 68 ರೂ. ದಾಟಿತು. ಚಿನ್ನದ ಆಮದು ಸುಂಕದ ಏರಿಕೆ, ಅನಿವಾಸಿ ಠೇವಣಿಗಳಿಗೆ ರಿಸರ್ವ್ ಬ್ಯಾಂಕು ಕೊಟ್ಟ ವಿಶೇಷ ಅನುಕೂಲ ಮುಂತಾದ ಕ್ರಮಗಳ ನಂತರ ಅಕ್ಟೋಬರ್ ವೇಳೆಗೆ ದರ 61-62ರ ಆಸುಪಾಸಿಗೆ ಮರಳಿತು. 2013-14ರ ಕೊರತೆ ಶೇ. 1.7ಕ್ಕೆ ಇಳಿಯಿತು. ಹೆದರಿ 68ರ ದರದಲ್ಲಿ ಡಾಲರ್ ಕೊಂಡ ಆಮದುದಾರನು ಎರಡೇ ತಿಂಗಳಲ್ಲಿ ನಷ್ಟ ಕಂಡನು. ಹಾಗೆಂದು ರೂಪಾಯಿ ಎಂದೂ ಇಳಿಯದೆಂದು ನಂಬಿದವನೂ ಗೆಲ್ಲಲಿಲ್ಲ. 2022ರಲ್ಲಿ ಅದೇ ಡಾಲರ್ 80 ರೂ. ದಾಟಿತು.

ಆಶಾವಾದದ ತಪ್ಪಿಗೆ ಬೆಲೆ ಇನ್ನೂ ಹೆಚ್ಚು. ಬ್ಯಾಂಕುಗಳ ಒಟ್ಟು ವಸೂಲಾಗದ ಸಾಲವು 2018ರ ಮಾರ್ಚ್‌ನಲ್ಲಿ ಶೇ. 11 ದಾಟಿತ್ತು. ಆ ಸಾಲಗಳಲ್ಲಿ ದೊಡ್ಡ ಸಂಖ್ಯೆಯವು ಹುಟ್ಟಿದ್ದು 2006ರಿಂದ 2008ರವರೆಗಿನ ಉತ್ಸಾಹದ ಕಾಲದಲ್ಲಿ ಎಂದು ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ ಅವರು 2018ರಲ್ಲಿ ಸಂಸದೀಯ ಸಮಿತಿಗೆ ನೀಡಿದ ಟಿಪ್ಪಣಿಯಲ್ಲಿ ತಿಳಿಸಿದ್ದಾರೆ. ಕೆಟ್ಟ ಸಾಲದ ಬೀಜ ಬೀಳುವುದು ಒಳ್ಳೆಯ ಕಾಲದಲ್ಲಿಯೇ ಎಂಬುದು ಲೆಕ್ಕಪರಿಶೋಧಕರೆಲ್ಲರ ಅನುಭವ.

4. ಪ್ರಶ್ನೆಯನ್ನು ಬದಲಾಯಿಸಬೇಕು

ಹೀಗಿರುವಾಗ "ದೇಶ ಮೇಲೇರುವುದೋ ಕೆಳಗಿಳಿಯುವುದೋ" ಎಂಬುದಕ್ಕೆ ಖಚಿತ ಉತ್ತರ ಪಡೆದು ವ್ಯಾಪಾರ ಮಾಡಲಾಗದು. ಅದರ ಬದಲಾಗಿ "ನನ್ನ ವ್ಯಾಪಾರ ಎಷ್ಟು ಇಳಿದರೆ ನಾನು ತಡೆದುಕೊಳ್ಳಬಲ್ಲೆ" ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಇದಕ್ಕೆ ನಮ್ಮ ಪುಸ್ತಕದಲ್ಲಿಯೇ ಉತ್ತರವಿದೆ.

ಒಬ್ಬ ಸಣ್ಣ ತಯಾರಕನ ತಿಂಗಳ ಮಾರಾಟ 20 ಲಕ್ಷ ರೂ. ಎಂದು ಭಾವಿಸೋಣ. ಕಚ್ಚಾ ಮಾಲು, ವಿದ್ಯುತ್, ಸಾಗಾಣಿಕೆ ಮುಂತಾಗಿ ಮಾರಾಟದೊಡನೆ ಬದಲಾಗುವ ವೆಚ್ಚ ಶೇ. 70, ಅಂದರೆ 14 ಲಕ್ಷ. ಉಳಿಯುವ 6 ಲಕ್ಷದಲ್ಲಿ ಬಾಡಿಗೆ, ಸಂಬಳ, ಬಡ್ಡಿ ಮುಂತಾದ ಸ್ಥಿರ ವೆಚ್ಚ 4.5 ಲಕ್ಷ. ಲಾಭ 1.5 ಲಕ್ಷ. ಸ್ಥಿರ ವೆಚ್ಚವನ್ನು ಶೇ. 30ರಿಂದ ಭಾಗಿಸಿದರೆ ಬರುವ 15 ಲಕ್ಷವೇ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ. ಮಾರಾಟ ಶೇ. 25ರಷ್ಟು ಇಳಿಯುವವರೆಗೂ ಆತನಿಗೆ ನಷ್ಟವಿಲ್ಲ.

ಈಗ ಆತನು ಸಾಲ ಮಾಡಿ ಹೊಸ ಯಂತ್ರ ತರುತ್ತಾನೆ; ಬಡ್ಡಿ, ಸವಕಳಿ, ಹೆಚ್ಚುವರಿ ಸಂಬಳ ಸೇರಿ ಸ್ಥಿರ ವೆಚ್ಚ 90 ಸಾವಿರ ರೂ. ಹೆಚ್ಚಿ 5.4 ಲಕ್ಷವಾಗುತ್ತದೆ. ನಷ್ಟರಹಿತ ಮಟ್ಟ 18 ಲಕ್ಷಕ್ಕೆ ಏರುತ್ತದೆ. ಈಗಿನ ಮಾರಾಟದಲ್ಲಿ ಆತನ ರಕ್ಷಣೆ ಶೇ. 25ರಿಂದ ಶೇ. 10ಕ್ಕೆ ಇಳಿಯುತ್ತದೆ. ಆಶಾವಾದಿಗಳ ಮಾತಿನಂತೆ ಮಾರಾಟ 26 ಲಕ್ಷವಾದರೆ ಲಾಭ 2.4 ಲಕ್ಷ, ಅಂದರೆ ಇಂದಿಗಿಂತ 90 ಸಾವಿರ ಹೆಚ್ಚು. ನಿರಾಶಾವಾದಿಗಳ ಮಾತಿನಂತೆ ಮಾರಾಟ 16 ಲಕ್ಷಕ್ಕೆ ಇಳಿದರೆ, ವಿಸ್ತರಿಸದಿದ್ದಲ್ಲಿ 30 ಸಾವಿರ ಲಾಭ, ವಿಸ್ತರಿಸಿದ್ದಲ್ಲಿ 60 ಸಾವಿರ ನಷ್ಟ.

ನಿರ್ಧಾರ ಈಗ ಮನೋಭಾವದ ವಿಷಯವಾಗಿ ಉಳಿಯಲಿಲ್ಲ. ತಿಂಗಳಿಗೆ 60 ಸಾವಿರದಂತೆ ಒಂದು ವರ್ಷದ ನಷ್ಟ 7.2 ಲಕ್ಷ. ಅಷ್ಟು ಹಣವನ್ನು ಮನೆಯ ಚಿನ್ನ ಮುಟ್ಟದೆ ಭರಿಸುವ ಶಕ್ತಿಯಿದ್ದರೆ, ಪೇಟೆಯ ನಿರಾಶೆಗೆ ಅಂಜಿ ವಿಸ್ತರಣೆಯನ್ನು ಕೈಬಿಡಬೇಕಾಗಿಲ್ಲ. ಇಲ್ಲದಿದ್ದರೆ ಎಷ್ಟೇ ಆಶಾದಾಯಕ ಸುದ್ದಿ ಬಂದರೂ ಸಾಲಕ್ಕೆ ಸಹಿ ಹಾಕಬಾರದು. ಸಾಲದ ಅಸಲು ಕಂತು ಲಾಭನಷ್ಟದ ಲೆಕ್ಕದಲ್ಲಿ ಕಾಣದಿದ್ದರೂ ನಗದಿನಿಂದ ಹೋಗುತ್ತದೆ ಎಂಬುದನ್ನೂ ಮರೆಯಬಾರದು.

5. ತಮ್ಮದೇ ಸೂಚ್ಯಂಕ

ದೇಶದ ಸಮೀಕ್ಷೆಯು ನಗರಗಳ ಸರಾಸರಿ. ಬ್ಯಾಡಗಿಯ ಮೆಣಸಿನಕಾಯಿ, ತಿಪಟೂರಿನ ಕೊಬ್ಬರಿ, ಶಿವಮೊಗ್ಗದ ಅಡಿಕೆ ಇವುಗಳ ಧಾರಣೆಯನ್ನು ಅವಲಂಬಿಸಿದ ಅಂಗಡಿಗೆ ಮುಂಬಯಿಯ ಗ್ರಾಹಕನ ಮನಸ್ಸಿಗಿಂತ ಮಳೆ ಮತ್ತು ಮಾರುಕಟ್ಟೆ ಪ್ರಾಂಗಣದ ದರಪಟ್ಟಿ ಹತ್ತಿರದ ಸಾಕ್ಷಿ. ಆದ್ದರಿಂದ ಪ್ರತಿಯೊಬ್ಬ ಸದಸ್ಯರೂ ತಿಂಗಳಿಗೊಮ್ಮೆ ಈ ಕೆಳಗಿನ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಒಳಿತು.

(ಅ) ಕೈಯಲ್ಲಿರುವ ಆರ್ಡರುಗಳು ಎಷ್ಟು ದಿನಗಳ ಕೆಲಸಕ್ಕೆ ಸಾಕು ಎಂಬುದು.
(ಆ) ಗಿರಾಕಿಗಳಿಂದ ಬಾಕಿ ವಸೂಲಾಗಲು ಹಿಡಿಯುವ ಸರಾಸರಿ ದಿನಗಳು.
(ಇ) ದಾಸ್ತಾನು ಎಷ್ಟು ದಿನಗಳ ಮಾರಾಟಕ್ಕೆ ಸಮ ಎಂಬುದು.
(ಈ) ಕ್ಯಾಶ್ ಕ್ರೆಡಿಟ್ ಮಿತಿಯಲ್ಲಿ ಬಳಕೆಯಾಗದೆ ಉಳಿದ ಮೊತ್ತ.

ಇವನ್ನು ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಬೇಕು. ದೀಪಾವಳಿಯ ತಿಂಗಳನ್ನು ಆಷಾಢದೊಡನೆ ಹೋಲಿಸಿದರೆ ಪ್ರಯೋಜನವಿಲ್ಲ. ಮೊದಲನೆಯದೂ ಕೊನೆಯದೂ ಇಳಿಯುತ್ತಾ, ನಡುವಿನ ಎರಡು ಏರುತ್ತಾ ಮೂರು ತಿಂಗಳು ಸಾಗಿದರೆ, ಪತ್ರಿಕೆಗಳಲ್ಲಿ ಎಂತಹ ಸಿಹಿಸುದ್ದಿಯಿದ್ದರೂ ಖರೀದಿಯನ್ನು ಬಿಗಿಮಾಡಬೇಕು. ಇದರ ವಿರುದ್ಧ ದಿಕ್ಕಿನಲ್ಲಿದ್ದರೆ, ಎಲ್ಲರೂ ನಿಟ್ಟುಸಿರುಬಿಡುತ್ತಿರುವಾಗಲೂ ಮುಂದುವರಿಯಬಹುದು.

ಇವುಗಳಲ್ಲಿ ಬಾಕಿಯ ದಿನಗಳಿಗೆ ವಿಶೇಷ ಗಮನ ಬೇಕು. ನಿರಾಶೆಯು ಪೇಟೆಯಲ್ಲಿ ಹರಡುವುದೇ ಪಾವತಿಯ ವಿಳಂಬದ ಮೂಲಕ. ಒಬ್ಬನು ಹಣ ತಡೆದರೆ ಆತನ ಹಿಂದಿರುವ ಹತ್ತು ಮಂದಿ ತಡೆಯುತ್ತಾರೆ. ಬೇಡಿಕೆ ಕುಗ್ಗದಿದ್ದರೂ ಪೇಟೆ ಒಣಗುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ 15ನೆಯ ಪ್ರಕರಣದಂತೆ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಪೂರೈಕೆದಾರರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಯಾಗಬೇಕು. ತಪ್ಪಿದರೆ 16ನೆಯ ಪ್ರಕರಣದಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ತಯಾರಕ ಸದಸ್ಯರು ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸುವುದು ಈ ರಕ್ಷಣೆಯನ್ನು ಪಡೆಯುವ ದಾರಿಯಲ್ಲಿ ಮೊದಲ ಹೆಜ್ಜೆ. ಅದೇ ರೀತಿ ನಾವು ಕೊಡಬೇಕಾದವರಿಗೆ ಸಕಾಲದಲ್ಲಿ ಕೊಡುವುದೂ ನಮ್ಮ ಹೊಣೆ. "ಪೇಟೆಯಲ್ಲಿ ಹಣವಿಲ್ಲ" ಎನ್ನುವವರ ಮೇಜಿನ ಒಳಗೂ ಸಹಿಯಾಗದ ಚೆಕ್ಕುಗಳು ಇರುವುದುಂಟು.

6. ಉಪಸಂಹಾರ

"ಗಾಳಿ ಬಂದಾಗ ತೂರಿಕೋ" ಎಂದೂ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದೂ ನಮ್ಮ ಹಿರಿಯರು ಹೇಳಿದ್ದಾರೆ. ಪೇಟೆ ಏರಿದಾಗ ಮೊದಲನೆಯದನ್ನೂ ಇಳಿದಾಗ ಎರಡನೆಯದನ್ನೂ ನೆನೆಯುವುದು ನಮ್ಮ ರೂಢಿ. ಆದರೆ ಹಾಸಿಗೆಯ ಅಳತೆ ಬೇಕಾಗಿರುವುದು ಗಾಳಿ ಬೀಸುವಾಗಲೇ, ಸಾಲ ಸುಲಭವಾಗಿ ದೊರೆಯುವಾಗಲೇ. ತೂರುವ ಸಿದ್ಧತೆ ನಡೆಯಬೇಕಾದುದು ಗಾಳಿ ನಿಂತಿರುವಾಗ. ಯಂತ್ರಗಳೂ ಜಾಗವೂ ಅಗ್ಗವಾಗಿ ಸಿಗುವುದು ಆಗಲೇ. ಸದಸ್ಯರು ಈ ತಿಂಗಳ ಜಿಎಸ್‌ಟಿ ರಿಟರ್ನ್ ಸಿದ್ಧಪಡಿಸುವ ದಿನವೇ ಮೇಲಿನ ನಾಲ್ಕು ಅಂಕಿಗಳನ್ನೂ ತಮ್ಮ ನಷ್ಟರಹಿತ ಮಟ್ಟವನ್ನೂ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.