ಉತ್ತರ ಒಂದು, ರೂಪ ಹಲವು

ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಗುಣಲಬ್ಧವನ್ನು ಇಂಟೆಗ್ರೇಟ್ ಮಾಡಿ ಎನ್ನುವುದು ಪದವಿ ತರಗತಿಯ ತೀರಾ ಸಾಮಾನ್ಯ ಲೆಕ್ಕ. ಸೈನ್ ಅನ್ನು ಹೊಸ ಚರವಾಗಿ ಹಿಡಿದವರಿಗೆ ಸೈನ್ ವರ್ಗದ ಅರ್ಧ ಸಿಗುತ್ತದೆ. ಕಾಸ್ ಹಿಡಿದು ಹೊರಟವರಿಗೆ ಕಾಸ್ ವರ್ಗದ ಅರ್ಧ, ಮೈನಸ್ ಚಿಹ್ನೆಯೊಂದಿಗೆ. ದ್ವಿಕೋನದ ಸೂತ್ರ ನೆನಪಾದವರಿಗೆ ಕಾಸ್ ಎರಡು ಎಕ್ಸ್‌ನ ಕಾಲುಭಾಗ, ಅದಕ್ಕೂ ಮೈನಸ್. ಮೂರೂ ಸರಿ, ಒಂದಕ್ಕೊಂದು ಸ್ಥಿರಾಂಕದಷ್ಟೇ ವ್ಯತ್ಯಾಸ. ಇದೇ ಲೆಕ್ಕವನ್ನು ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿಸಿದರೆ ಸರಿಯಾಗಿ ಮಾಡಿದವನೂ ತನ್ನ ಉತ್ತರ ಆಯ್ಕೆಗಳಲ್ಲಿ ಕಾಣದೆ ಕಂಗಾಲಾಗಬಹುದು. ಚುರುಕಾದ ಹುಡುಗಿಯಂತೂ ಇಂಟೆಗ್ರೇಷನ್ನಿಗೆ ಕೈಯನ್ನೇ ಹಾಕುವುದಿಲ್ಲ. ಆಯ್ಕೆಗಳನ್ನು ಒಂದೊಂದಾಗಿ ಡಿಫರೆನ್ಷಿಯೇಟ್ ಮಾಡಿ ನೋಡಿ ಟಿಕ್ ಹಾಕುತ್ತಾಳೆ. ಅವಳದೇನೂ ತಪ್ಪಿಲ್ಲ. ನಾವು ಪರೀಕ್ಷಿಸಿದ್ದೇವೆಂದುಕೊಂಡ ವಿದ್ಯೆ ಬೇರೆ, ನಿಜಕ್ಕೂ ಪರೀಕ್ಷೆಗೊಳಗಾದದ್ದು ಬೇರೆ. ಆನ್‌ಲೈನ್ ಪರೀಕ್ಷೆ ಎಂದರೆ ನಾಲ್ಕು ಆಯ್ಕೆಗಳ ಪರೀಕ್ಷೆ ಎಂಬ ನಮ್ಮ ಕಾಲೇಜುಗಳ ರೂಢಿ ಗಣಿತದಲ್ಲಿ ಮುಗ್ಗರಿಸುವುದು ಇಲ್ಲೇ.

ಇದಕ್ಕೆ ಪರ್ಯಾಯ, ಅಂದರೆ ವಿದ್ಯಾರ್ಥಿಯೇ ಟೈಪ್ ಮಾಡಿದ ಉತ್ತರವನ್ನು ತಿದ್ದುವ ತಂತ್ರಾಂಶ, ಹೊಸತೇನಲ್ಲ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ವೆಬ್‌ವರ್ಕ್ 1990ರ ದಶಕದ್ದು. ಕ್ರಿಸ್ ಸ್ಯಾಂಗ್ವಿನ್ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಆರಂಭಿಸಿದ ಸ್ಟ್ಯಾಕ್‌ಗೆ ಈಗ ಇಪ್ಪತ್ತು ವರ್ಷ ದಾಟಿದೆ. ನ್ಯೂಕಾಸಲ್‌ನಲ್ಲಿ ನಂಬಾಸ್ ಇದೆ. ಮೂರೂ ಓಪನ್ ಸೋರ್ಸ್, ಲೈಸೆನ್ಸ್ ಶುಲ್ಕವಿಲ್ಲ. ನನಗೆ ಹೆಚ್ಚು ಬಳಕೆಯಾದದ್ದು ಮೂಡಲ್ ಎಂಬ ಕಲಿಕಾ ವೇದಿಕೆಯ ಜೊತೆ ಕೂಡಿಕೊಳ್ಳುವ ಸ್ಟ್ಯಾಕ್. ಅದರ ಹಿಂದೆ ಮ್ಯಾಕ್ಸಿಮಾ ಎಂಬ ಬೀಜಗಣಿತದ ತಂತ್ರಾಂಶ ಕೆಲಸ ಮಾಡುತ್ತದೆ. ವಿದ್ಯಾರ್ಥಿ ಟೈಪ್ ಮಾಡಿದ ಉತ್ತರವನ್ನು ಅದು ಡಿಫರೆನ್ಷಿಯೇಟ್ ಮಾಡಿ, ಕೊಟ್ಟ ಫಂಕ್ಷನ್ನಿನಿಂದ ಕಳೆದು, ಶೇಷ ಸೊನ್ನೆಯೇ ಎಂದು ನೋಡುತ್ತದೆ. ಹಾಗಾಗಿ ಮೇಲಿನ ಮೂರು ಉತ್ತರಗಳೂ ಪಾಸು. ಸ್ಥಿರಾಂಕ ಬಿಟ್ಟವನಿಗೆ ಒಂದು ಮಾತು, ಇಂಟೆಗ್ರೇಟ್ ಮಾಡುವ ಬದಲು ಡಿಫರೆನ್ಷಿಯೇಟ್ ಮಾಡಿದವನಿಗೆ ಇನ್ನೊಂದು ಮಾತು ಎಂದು ಕವಲುಗಳನ್ನು ಮೊದಲೇ ಬರೆದಿಡಬಹುದು. ಸೈನ್‌ನಂಥ ಫಂಕ್ಷನ್‌ಗಳೂ ಸೇರಿದ ಎರಡು ಉಕ್ತಿಗಳು ಸಮವೇ ಎಂಬುದನ್ನು ಎಲ್ಲ ಸಂದರ್ಭಗಳಲ್ಲೂ ತೀರ್ಮಾನಿಸುವ ವಿಧಾನವೇ ಇಲ್ಲವೆಂದು ಗಣಿತಜ್ಞ ರಿಚರ್ಡ್‌ಸನ್ 1968ರಲ್ಲೇ ಸಾಧಿಸಿದ್ದಾರೆ, ನಿಜ. ಮೊದಲ ವರ್ಷದ ಲೆಕ್ಕಗಳಿಗೆ ಆ ಪ್ರಮೇಯದ ಬಿಸಿ ತಟ್ಟುವುದು ಅಪರೂಪ.

ಈ ಸಾಧನದ ದೊಡ್ಡ ಲಾಭ ಮೌಲ್ಯಮಾಪನದ ಶ್ರಮ ಉಳಿಯುವುದು ಎಂದು ಬಹಳ ಜನ ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಒಳ್ಳೆಯ ಪ್ರಶ್ನೆ ಬರೆಯಲು ಹಿಡಿಯುವ ಹೊತ್ತಿನಲ್ಲಿ ಒಂದು ಕಟ್ಟು ಉತ್ತರಪತ್ರಿಕೆ ತಿದ್ದಿ ಮುಗಿಸಬಹುದು. ಅದು ತರುವ ಬದಲಾವಣೆ ಬೇರೆಯೇ: ‘ಉತ್ತರ ಯಾವುದು’ ಎಂದು ಬರೆಯುವುದನ್ನು ಬಿಟ್ಟು ‘ಉತ್ತರಕ್ಕೆ ಯಾವ ಗುಣವಿರಬೇಕು’ ಎಂದು ಬರೆಯುವಂತೆ ಮೇಷ್ಟರನ್ನು ಒತ್ತಾಯಿಸುತ್ತದೆ. ಒಮ್ಮೆ ಹಾಗೆ ಯೋಚಿಸತೊಡಗಿದರೆ ಹಿಂದೆ ಕೇಳಲಾಗದ ಪ್ರಶ್ನೆಗಳನ್ನೂ ಕೇಳಬಹುದು. ‘ಸೊನ್ನೆ ಮ್ಯಾಟ್ರಿಕ್ಸ್ ಅಲ್ಲದ, ಆದರೆ ತನ್ನ ವರ್ಗ ಸೊನ್ನೆಯಾಗುವ ಮೂರು ಸಾಲು ಮೂರು ಕಂಬದ ಮ್ಯಾಟ್ರಿಕ್ಸ್ ಒಂದನ್ನು ಕೊಡಿ’ ಎಂದರೆ ಅರವತ್ತು ಜನರಿಂದ ಅರವತ್ತು ಉತ್ತರ ಬರಬಹುದು. ಅಷ್ಟನ್ನೂ ಗುಣಿಸಿ ನೋಡುವ ಸಹನೆ ಯಾವ ಮೇಷ್ಟರಿಗಿದೆ? ಯಂತ್ರಕ್ಕೆ ಅದು ಕ್ಷಣದ ಕೆಲಸ. ಡಿಟರ್ಮಿನೆಂಟ್ ಸೊನ್ನೆಯಾದರೆ ಸಾಕೆಂದುಕೊಂಡವರನ್ನು ಗುರುತಿಸಿ, ಅದು ಸಾಲದೆಂದು ಅಲ್ಲೇ ಹೇಳಿಸಬಹುದು. ಬಲಮೇಲಿನ ಮೂಲೆಯಲ್ಲಿ ಒಂದು ಹಾಕಿ ಉಳಿದೆಡೆ ಸೊನ್ನೆ ತುಂಬಿ ಪಾರಾಗುವುದು ಸುಲಭ. ಅದಕ್ಕೇ ಎರಡನೇ ಪ್ರಶ್ನೆ: ಯಾವ ಮನೆಯಲ್ಲೂ ಸೊನ್ನೆ ಇರಕೂಡದು. ಒಂದು, ಒಂದು, ಮೈನಸ್ ಎರಡು ಎಂಬ ಸಾಲನ್ನೇ ಮೂರು ಸಲ ಬರೆದರೆ ಆಯಿತು; ಆದರೆ ಅಲ್ಲಿಗೆ ಮುಟ್ಟಬೇಕಾದರೆ ರ‍್ಯಾಂಕ್ ಎಂದರೇನೆಂದು ನಿಜಕ್ಕೂ ಯೋಚಿಸಿರಬೇಕು.

ಟೈಪಿಂಗ್ ತೊಡಕಿನ ದೂರು ಎಲ್ಲರದೂ ಹೌದು. ಘಾತಕ್ಕೆ ಆವರಣ ಹಾಕದಿದ್ದರೆ ‘ಇ’ಯ ಘಾತ ಎರಡು ಎಕ್ಸ್ ಎಂಬುದು ‘ಇ’ಯ ವರ್ಗ ಗುಣಿಸು ಎಕ್ಸ್ ಆಗಿಬಿಡುತ್ತದೆ. ಉತ್ತರವನ್ನು ತಾನು ಹೇಗೆ ಓದಿಕೊಂಡೆ ಎಂದು ಸ್ಟ್ಯಾಕ್ ಮೊದಲು ತೋರಿಸುತ್ತದೆ, ಅಂಕ ಆಮೇಲೆ. ಅದನ್ನು ಗಮನಿಸುವ ಅಭ್ಯಾಸ ಬೆಳೆದರೆ ದೂರು ಬಹುಪಾಲು ಅಡಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಸಂಖ್ಯೆ ಹಂಚುವ ಸೌಲಭ್ಯಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮ್ಯಾಟ್ರಿಕ್ಸಿಗೆ ಮನಬಂದ ಸಂಖ್ಯೆ ತುಂಬಿಸಿದರೆ ಒಬ್ಬನಿಗೆ ಐಗನ್ ಮೌಲ್ಯ ಎರಡು ಮತ್ತು ಮೂರು, ಪಕ್ಕದವನಿಗೆ ವರ್ಗಮೂಲಗಳ ಕಗ್ಗಂಟು. ಮೊದಲು ಐಗನ್ ಮೌಲ್ಯಗಳನ್ನು ಆರಿಸಿ, ಅವುಗಳಿಂದ ಮ್ಯಾಟ್ರಿಕ್ಸ್ ಕಟ್ಟಬೇಕು.

ಹಂತಗಳಿಗೆ ಅಂಕ ಸಿಗುವುದಿಲ್ಲವಲ್ಲ ಎಂಬುದು ನಮ್ಮವರ ನ್ಯಾಯವಾದ ಆಕ್ಷೇಪ. ಮೌಲ್ಯಮಾಪನದ ಸ್ಕೀಮ್ ಹಿಡಿದು ಹಂತಹಂತಕ್ಕೂ ಅಂಕ ಹಾಕಿ ಬೆಳೆದವರು ನಾವು. ಲೆಕ್ಕವನ್ನು ಭಾಗಗಳಾಗಿ ಒಡೆದು, ಮೊದಲ ಭಾಗದ ತಪ್ಪು ಉತ್ತರವನ್ನೇ ಆಧಾರವಾಗಿಟ್ಟು ಮುಂದಿನ ಭಾಗವನ್ನು ಅಳೆಯುವಂತೆ ಮಾಡಬಹುದು. ಆದರೆ ಭಾಗಗಳಾಗಿ ಒಡೆದಾಗಲೇ ದಾರಿಯನ್ನೂ ತೋರಿಸಿಬಿಟ್ಟಂತಾಯಿತು. ಈ ನಷ್ಟ ಒಪ್ಪಿಕೊಳ್ಳಬೇಕಾದದ್ದೇ. ಪ್ರಮೇಯಗಳ ಸಾಧನೆಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಅಸ್ತವ್ಯಸ್ತವಾಗಿ ಕೊಟ್ಟ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆಗಳು ಈಗ ಬಂದಿವೆ. ಓದುವ ಅಭ್ಯಾಸಕ್ಕೆ ಅವು ಒಳ್ಳೆಯವೇ, ಆದರೆ ಬರೆಯುವ ಅಭ್ಯಾಸದ ಜಾಗದಲ್ಲಿ ಕೂರಲಾರವು. ನಕಲಿನ ಮಾತಂತೂ ಬೇಡವೇ ಬೇಡ: ಪ್ರಶ್ನೆಯ ಫೋಟೊ ತೆಗೆದರೆ ಫೋನೇ ಉತ್ತರ ಕೊಡುವ ಕಾಲದಲ್ಲಿ, ಮನೆಯಲ್ಲಿ ಕುಳಿತು ಬರೆದ ಪರೀಕ್ಷೆಗೆ ತೂಕದ ಇಂಟರ್ನಲ್ ಅಂಕ ಕೊಡುವುದನ್ನು ನಾನು ಸಮರ್ಥಿಸಲಾರೆ. ಅಭ್ಯಾಸಕ್ಕಾದರೆ ಎಷ್ಟು ಸಲ ಬೇಕಾದರೂ ಪ್ರಯತ್ನಿಸಲಿ, ಅಂಕಕ್ಕಾದರೆ ಕಂಪ್ಯೂಟರ್ ಲ್ಯಾಬಿನಲ್ಲಿ ಕಣ್ಣೆದುರೇ ಬರೆಯಲಿ. ಲ್ಯಾಬಿನಲ್ಲೂ ಮ್ಯಾಟ್ರಿಕ್ಸ್ ಮಾತ್ರ ತೆರೆಗೆ. ಅದರ ವರ್ಗ ಯಾಕೆ ಸೊನ್ನೆ ಎಂಬ ನಾಲ್ಕು ಸಾಲಿನ ವಿವರಣೆಯನ್ನು ಹಾಳೆಯ ಮೇಲೆ ಬರೆಸಿಕೊಂಡು ನಾನೇ ತಿದ್ದುತ್ತೇನೆ.