ಶಾಲೆಗೆ ಹಳೆಯ ಸೈಕಲ್ಲು ಕೊಳ್ಳುವಾಗ
ಹಳೆಯ ಸೈಕಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಚೌಕಟ್ಟು. ಟೈರು, ಟ್ಯೂಬು, ಬ್ರೇಕಿನ ರಬ್ಬರು ಬದಲಾಯಿಸಬಹುದು. ಬೆಸುಗೆಯ ಬಳಿ ಬಿರುಕು ಬಿಟ್ಟದ್ದು, ಮುಂದಿನ ಫೋರ್ಕು ಬಾಗಿದ್ದು ಎಷ್ಟು ಅಗ್ಗವಾದರೂ ಬೇಡ. ಹೊಸ ಬಣ್ಣ ಬಿರುಕನ್ನು ಮುಚ್ಚಿಡುತ್ತದೆ, ಅದಕ್ಕೇ ಬೆಸುಗೆಗಳನ್ನು ಬೆರಳಿಂದ ಸವರಿ ನೋಡಬೇಕು. ಎತ್ತಿ ತಿರುಗಿಸಿದಾಗ ಚಕ್ರ ಓಲಾಡಬಾರದು. ಚೈನಿನ 24 ಕೊಂಡಿಗಳ ಉದ್ದ 12 ಇಂಚು. ಅದಕ್ಕಿಂತ ಇಂಚಿನ ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಸವೆದಿದೆ.

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ಎರೆನೆಲದಲ್ಲಿ ಮಳೆಗಾಲದ ಕೆಸರು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಧಾರಾಳ ಸಂದಿರುವ, ಗೇರಿಲ್ಲದ ಸಾದಾ ಸೈಕಲ್ಲೇ ಇಲ್ಲಿಗೆ ಒಳ್ಳೆಯದು.

ಸೀಟಿನಲ್ಲಿ ಕೂತ ಮಗುವಿನ ಮುಂಗಾಲು ನೆಲ ಮುಟ್ಟಬೇಕು. ಮುಂದೆ ಬೆಳೆಯುತ್ತದೆಂದು ದೊಡ್ಡ ಸೈಕಲ್ಲು ಕೊಡಿಸುವುದು ಅಪಾಯ. ಹಣ ಕೊಡುವಾಗ ಚೌಕಟ್ಟಿನ ನಂಬರು ಬರೆದ ರಸೀದಿ ಪಡೆಯಬೇಕು.